ಸೈರನ್ ಯಾವ ಕಡೆಯಿಂದ? ಲಾರ್ಡ್ ರೇಲಿ ಅವರ ಕಥೆ

ಕಳೆದ ಸೆಮಿಸ್ಟರ್‌ನ ಒಂದು ಸಂಜೆಯಿಂದ ಶುರು ಮಾಡ್ತೀವಿ. ಇಂಟರ್ನಲ್ಸ್ ಮುಗಿಸಿ ನಾವು ನಾಲ್ಕು ಜನ ಎರಡು ಬೈಕ್‌ಗಳಲ್ಲಿ ಕಾಲೇಜಿನ ಹತ್ತಿರದ ಸಿಗ್ನಲ್‌ನಲ್ಲಿ ನಿಂತಿದ್ವಿ. ಆಂಬ್ಯುಲೆನ್ಸ್ ಸೈರನ್ ಕೇಳಿಸಿತು. ಸಣ್ಣದಾಗೇನಲ್ಲ, ಹೆಲ್ಮೆಟ್ ಒಳಗೂ ಕಿವಿ ಗುಂಯ್ ಅನ್ನುವಷ್ಟು ಜೋರಾಗಿ. ಆದ್ರೆ ಯಾವ ಕಡೆಯಿಂದ ಅಂತ ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ನಮ್ಮಲ್ಲಿ ಇಬ್ಬರು ಹಿಂದೆ ತಿರುಗಿದ್ರು, ಇಬ್ಬರು ಮುಂದೆ ಕತ್ತು ಚಾಚಿದ್ರು. ಪಕ್ಕದ ಆಟೋದವರು ಬಲಕ್ಕೆ ಸರಿದರು, ಅದೇ ಹೊತ್ತಿಗೆ ಬಲಗಡೆಯ ಕಾರು ಎಡಕ್ಕೆ ಸರಿಯಿತು. ಎಲ್ಲರಿಗೂ ದಾರಿ ಬಿಡುವ ಮನಸ್ಸಿತ್ತು. ಯಾವ ಕಡೆ ಬಿಡಬೇಕು ಅನ್ನೋದೇ ತಿಳಿಯಲಿಲ್ಲ. ಆಂಬ್ಯುಲೆನ್ಸ್ ನಮ್ಮ ಹಿಂದೆಯೇ ಇತ್ತು. ಅದು ಮುಂದೆ ಹೋಗೋ ಹೊತ್ತಿಗೆ ಸಿಗ್ನಲ್ ಎರಡು ಸಲ ಹಸಿರಾಗಿ ಕೆಂಪಾಗಿತ್ತು. ಒಳಗೆ ಯಾರಿದ್ದರೋ, ಅವರಿಗೆ ಏನಾಯಿತೋ ಇವತ್ತಿಗೂ ನಮಗೆ ಗೊತ್ತಿಲ್ಲ.

ಪ್ರಾಜೆಕ್ಟ್ ವಿಷಯ ಹುಡುಕುತ್ತಿದ್ದ ನಮಗೆ ಅಲ್ಲೇ ವಿಷಯ ಸಿಕ್ಕಿತು: ಸೈರನ್ ಗದ್ದಲ ಕಮ್ಮಿ ಮಾಡೋದು ಹೇಗೆ? ಹುಮ್ಮಸ್ಸಿನಿಂದ ಗೈಡ್ ಮೇಡಂ ಹತ್ತಿರ ಹೋದ್ವಿ. ಸದ್ದು ಎಷ್ಟು ಕಮ್ಮಿ ಮಾಡ್ತೀರಿ ಅಂತ ಅವರು ಕೇಳಲೇ ಇಲ್ಲ. ಈ ಸದ್ದು ಯಾರಿಗೆ ಕೇಳಬೇಕು, ಕೇಳಿದವರಿಗೆ ಅದು ಎಲ್ಲಿಂದ ಬಂತು ಅಂತ ತಿಳಿಯುತ್ತಾ, ಈ ಎರಡೇ ಪ್ರಶ್ನೆ ಕೇಳಿದರು. ನಾವು ಮುಖ ಮುಖ ನೋಡಿಕೊಂಡ್ವಿ. ಹೋಗಿ ರೇಲಿ ಅವರನ್ನು ಓದಿಕೊಂಡು ಬನ್ನಿ ಅಂದು ಲೈಬ್ರರಿಗೆ ಕಳಿಸಿದರು. ಹಾಗೆ ಹೋಗಿ ಓದಿಕೊಂಡು ಬಂದ ಕಥೆ ಇದು.

ರೇಲಿ ಅನ್ನೋ ಹೆಸರು ನಮ್ಮ ಯಾವ ಬ್ರಾಂಚಿಗೂ ಹೊಸದಲ್ಲ. ಆಕಾಶ ಯಾಕೆ ನೀಲಿ ಅಂತ ಕೇಳಿದರೆ ರೇಲಿ ಚದುರಿಕೆ. ಸಿವಿಲ್‌ನವರಿಗೆ ಭೂಕಂಪದ ರೇಲಿ ಅಲೆ. ಮೆಕ್ಯಾನಿಕಲ್‌ನವರಿಗೆ ಹೀಟ್ ಟ್ರಾನ್ಸ್‌ಫರ್‌ನಲ್ಲಿ ರೇಲಿ ನಂಬರ್. ಎಲೆಕ್ಟ್ರಾನಿಕ್ಸ್‌ನವರಿಗೆ ಮೊಬೈಲ್ ಸಿಗ್ನಲ್ ಏರಿಳಿತ ಲೆಕ್ಕ ಹಾಕುವ ರೇಲಿ ಫೇಡಿಂಗ್. ಇದರ ಮೂಲ ಮಾತ್ರ ರೇಡಿಯೋ ಅಲ್ಲ, ಸದ್ದು. ಒಂದೇ ಶ್ರುತಿಯ ಅನೇಕ ಕಂಪನಗಳು ಹಿಂದು ಮುಂದಾಗಿ ಬಂದು ಸೇರಿದರೆ ಒಟ್ಟು ಎಷ್ಟಾಗುತ್ತೆ ಅಂತ 1880ರಲ್ಲಿ ರೇಲಿ ಹಾಕಿದ ಲೆಕ್ಕವೇ ಮುಂದೆ ನಮ್ಮ ಸಿಲಬಸ್ಸಿಗೆ ಬಂತು. ಇಷ್ಟೆಲ್ಲ ಮಾಡಿದವರು ಒಬ್ಬರೇ ಅಂತ ನಮಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಅವರ ಹುಟ್ಟುಹೆಸರು ಜಾನ್ ವಿಲಿಯಂ ಸ್ಟ್ರಟ್. ಹುಟ್ಟಿದ್ದು 1842ರ ನವೆಂಬರ್ 12ರಂದು, ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದಲ್ಲಿ. ಮನೆತನ ಜಮೀನ್ದಾರರದ್ದು, ತಂದೆ ಎರಡನೇ ಬ್ಯಾರನ್ ರೇಲಿ. ಸಾವಿರಾರು ಎಕರೆ ಹೊಲ, ಟರ್ಲಿಂಗ್ ಅನ್ನೋ ಊರಿನಲ್ಲಿ ದೊಡ್ಡ ಬಂಗಲೆ. ಇಷ್ಟಿದ್ದೂ ಹುಡುಗನಿಗೆ ಆರೋಗ್ಯವೇ ಇರಲಿಲ್ಲ. ಈಟನ್, ಹ್ಯಾರೋ ಅಂತ ದೊಡ್ಡ ಹೆಸರಿನ ಶಾಲೆಗಳಿಗೆ ಸೇರಿಸಿದರು, ಎರಡರಲ್ಲೂ ಹೆಚ್ಚು ದಿನ ನಿಲ್ಲಲಾಗಲಿಲ್ಲ. ಕೊನೆಗೆ ಟಾರ್ಕೀ ಎಂಬ ಸಮುದ್ರತೀರದ ಊರಿನಲ್ಲಿ ಒಬ್ಬ ಪಾದ್ರಿಯ ಹತ್ತಿರ ನಾಲ್ಕು ವರ್ಷ ಪಾಠವಾಯಿತು. 1861ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿದ ಅದೇ ಹುಡುಗ 1865ರ ಗಣಿತ ಪರೀಕ್ಷೆಯಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಮೊದಲಿಗನಾದ. ಶ್ರೀಮಂತರ ಮಗ ವಿಜ್ಞಾನವನ್ನೇ ಕೆಲಸವಾಗಿ ಹಿಡಿಯೋದು ಆ ಕಾಲದಲ್ಲಿ ವಾಡಿಕೆಯಲ್ಲ. ಅವರು ಹಿಡಿದರು, ಕೊನೆಯವರೆಗೂ ಬಿಡಲಿಲ್ಲ.

1871ರಲ್ಲಿ ಈವ್ಲಿನ್ ಬಾಲ್ಫರ್ ಜೊತೆ ಮದುವೆಯಾಯಿತು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಆರ್ಥರ್ ಬಾಲ್ಫರ್ ಇವರ ಭಾವಮೈದ. ಮದುವೆಯಾದ ಮರುವರ್ಷವೇ ಕೀಲುಗಳನ್ನು ಹಿಡಿಯುವ ರುಮಾಟಿಕ್ ಜ್ವರ ಬಂದು ಜೀವಕ್ಕೇ ಕುತ್ತು ತಂದಿತು. ಚಳಿಗಾಲ ಕಳೆಯಲು ಗಂಡ ಹೆಂಡತಿ ಈಜಿಪ್ಟಿಗೆ ಹೋಗಿ ನೈಲ್ ನದಿಯಲ್ಲಿ ದೋಣಿಮನೆ ಹತ್ತಿದರು. ಬೇರೆಯವರಾಗಿದ್ದರೆ ಪಿರಮಿಡ್ ನೋಡಿಕೊಂಡು ಹಾಯಾಗಿ ಇರ್ತಿದ್ರೇನೋ. ಇವರು ಆ ದೋಣಿಯಲ್ಲೇ ಪುಸ್ತಕ ಬರೆಯೋಕೆ ಕೂತರು. ಅದೇ ದಿ ಥಿಯರಿ ಆಫ್ ಸೌಂಡ್. ಮೊದಲ ಸಂಪುಟ 1877ರಲ್ಲಿ, ಎರಡನೆಯದು 1878ರಲ್ಲಿ ಹೊರಬಂತು. ನಮ್ಮ ಲೈಬ್ರರಿಯಲ್ಲಿ ಸಿಕ್ಕಿದ್ದೂ ಅದರದೇ ಮರುಮುದ್ರಣ. ಸುಮಾರು ಒಂದೂವರೆ ಶತಮಾನ ಕಳೆದರೂ ಸದ್ದಿನ ಬಗ್ಗೆ ಕೆಲಸ ಮಾಡುವವರು ಇನ್ನೂ ತೆರೆದು ನೋಡುವ ಪುಸ್ತಕ ಅದು.

1873ರಲ್ಲಿ ತಂದೆ ತೀರಿಕೊಂಡರು. ಜಾನ್ ಮೂರನೇ ಲಾರ್ಡ್ ರೇಲಿ ಆದರು. ಆಸ್ತಿ ಜೊತೆ ಅದರ ತಲೆನೋವೂ ಬಂತು. ಕೆಲವೇ ವರ್ಷಗಳಲ್ಲಿ ಹೊಲ, ಹಸು, ಗೇಣಿ ಎಲ್ಲದರ ಉಸ್ತುವಾರಿಯನ್ನು ತಮ್ಮ ಎಡ್ವರ್ಡ್‌ಗೆ ಒಪ್ಪಿಸಿ, ಟರ್ಲಿಂಗ್ ಬಂಗಲೆಯಲ್ಲೇ ಲ್ಯಾಬ್ ಮಾಡಿಕೊಂಡರು. ತಮ್ಮನೂ ಕೈಲಾಗದವರೇನಲ್ಲ, ಮುಂದೆ ಲಂಡನ್ನಿನಲ್ಲಿ ಆ ಮನೆತನದ ಹೆಸರಿನಲ್ಲಿ ಹಾಲಿನ ಅಂಗಡಿಗಳೇ ನಡೆದವು.

ಈಗ ನಮ್ಮ ಸಿಗ್ನಲ್‌ನ ಪ್ರಶ್ನೆಗೆ ಬರೋಣ. 1876ರ ಸುಮಾರಿಗೆ ಟರ್ಲಿಂಗ್ ಮನೆಯ ಹುಲ್ಲುಹಾಸಿನ ನಡುವೆ ರೇಲಿ ಕಣ್ಣು ಮುಚ್ಚಿ ನಿಂತುಕೊಂಡರು. ಸುತ್ತಲೂ ಸಹಾಯಕರು ವೃತ್ತಾಕಾರದಲ್ಲಿ ನಿಂತರು. ಒಬ್ಬೊಬ್ಬರಾಗಿ ಮಾತಾಡೋದು, ಮಾತಾಡಿದವರು ಯಾವ ಕಡೆ ಇದ್ದಾರೆ ಅಂತ ಇವರು ಹೇಳೋದು. ಮಕ್ಕಳ ಕಣ್ಣಾಮುಚ್ಚಾಲೆ ಆಟದಂತಿದೆ ಅಲ್ವಾ? ಮನುಷ್ಯರ ಮಾತು ಎಲ್ಲಿಂದ ಬಂದರೂ ಸುಲಭವಾಗಿ ಗೊತ್ತಾಯಿತು. ಆಮೇಲೆ ಮಾತಿನ ಬದಲು ಟ್ಯೂನಿಂಗ್ ಫೋರ್ಕ್ ಬಾರಿಸಿದರು, ನಾವು ಪಿಯುಸಿ ಲ್ಯಾಬಿನಲ್ಲಿ ಬಾರಿಸಿದಂಥದ್ದೇ. ಈಗ ಎಡ ಬಲ ಗೊತ್ತಾಗುತ್ತಿತ್ತು. ಆದ್ರೆ ಫೋರ್ಕ್ ನೇರ ಮುಂದಿದೆಯೋ ನೇರ ಹಿಂದಿದೆಯೋ ಅಂತ ತಿಳಿಯಲೇ ಇಲ್ಲ.

ಇದನ್ನು ಓದಿದಾಗ ನಾವು ನಾಲ್ವರೂ ಒಮ್ಮೆಲೇ ತಲೆ ಎತ್ತಿದ್ವಿ. ನಮ್ಮ ಸಿಗ್ನಲ್‌ನಲ್ಲಿ ಆಗಿದ್ದೂ ಇದೇ! ಎರಡು ಕಿವಿಗೂ ಸಮನಾಗಿ ಬರುವ ಸದ್ದು ಮುಂದಿನದ್ದೋ ಹಿಂದಿನದ್ದೋ ಅಂತ ಬರೀ ಎರಡು ಕಿವಿಗಳನ್ನು ಹೋಲಿಸಿ ಹೇಳೋಕಾಗಲ್ಲ. ಅದಕ್ಕೆ ಹೊರಕಿವಿಯ ಮಡಿಕೆಗಳ ಸಹಾಯ ಬೇಕು ಅಂತ ಈಗ ಗೊತ್ತಿದೆ. ಆ ಮಡಿಕೆಗಳು ತಾರಕದ ಸದ್ದುಗಳನ್ನು ದಿಕ್ಕಿಗೆ ತಕ್ಕಂತೆ ಸ್ವಲ್ಪ ಬದಲಾಯಿಸುತ್ತವೆ. ಮಾತಿನಲ್ಲಿ ಸ, ಶ, ಚ ಅಂತ ತಾರಕದ ಅಂಶಗಳು ಬೇಕಾದಷ್ಟಿವೆ. ಟ್ಯೂನಿಂಗ್ ಫೋರ್ಕಿನಲ್ಲಿ ಇರೋದು ಒಂದೇ ಶ್ರುತಿ. ನಮ್ಮ ಸೈರನ್ನಿನ ಬಲವೆಲ್ಲ ಇರೋದು ಸುಮಾರು 500ರಿಂದ 1800 ಹರ್ಟ್ಸ್ ನಡುವೆ ಏರಿಳಿಯುವ ಒಂದು ಎಳೆಯಲ್ಲಿ. ದಿಕ್ಕಿನ ವಿಷಯದಲ್ಲಿ ಅದು ಮಾತಿಗಿಂತ ಫೋರ್ಕಿಗೇ ಹತ್ತಿರದ ನೆಂಟ. ಮೇಲೆ ಹೆಲ್ಮೆಟ್ ಬೇರೆ. ಅಕ್ಕಪಕ್ಕದ ಕಟ್ಟಡಗಳ ಪ್ರತಿಧ್ವನಿ ಬೇರೆ.

ಆ ಹುಲ್ಲುಹಾಸಿನ ಆಟ ರೇಲಿ ಅವರಿಗೆ ಇನ್ನೊಂದು ಒಗಟನ್ನೂ ಕೊಟ್ಟಿತು. ಎಡ ಬಲ ಹೇಗೆ ತಿಳಿಯುತ್ತೆ? ಸದ್ದಿಗೆ ತಲೆ ಅಡ್ಡ ಬಂದು, ಆಚೆ ಕಿವಿಗೆ ನೆರಳು ಬಿದ್ದಂತಾಗಿ ಕಮ್ಮಿ ಕೇಳಿಸುತ್ತೆ ಅನ್ನೋದು ಸಹಜ ಉತ್ತರ. ರೇಲಿ ತಲೆಯನ್ನು ಒಂದು ಗೋಳ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರು. ತಾರಕದ ಸದ್ದಿಗೆ ಉತ್ತರ ಸರಿಹೋಯಿತು. ಮಂದ್ರದ ಸದ್ದಿಗೆ ಸರಿಹೋಗಲಿಲ್ಲ. 128 ಹರ್ಟ್ಸ್ ಸದ್ದಿನ ತರಂಗದೂರ ಎರಡೂವರೆ ಮೀಟರಿಗೂ ಹೆಚ್ಚು. ನಮ್ಮ ತಲೆಯ ಅಗಲ ಒಂದು ಗೇಣಿಗಿಂತ ಕಮ್ಮಿ. ಅಂಥ ಅಲೆ ತಲೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸುತ್ತಿಕೊಂಡು ಹೋಗುತ್ತೆ, ನೆರಳೇ ಬೀಳಲ್ಲ. ಆದರೂ ಎಡ ಬಲ ತಿಳಿಯುತ್ತಿತ್ತು. ಯಾಕೆ? ಉತ್ತರ ಸಿಗಲಿಲ್ಲ. ರೇಲಿ ಒಗಟನ್ನು ಮರೆಯಲಿಲ್ಲ, ಸುಳ್ಳು ಉತ್ತರ ಕಟ್ಟಿ ಮುಚ್ಚಲೂ ಇಲ್ಲ. ಸುಮ್ಮನೆ ಬದಿಗಿಟ್ಟುಕೊಂಡರು.

ನಡುವಿನ ವರ್ಷಗಳಲ್ಲಿ ಬೇರೆ ಕೆಲಸಗಳು ಬಂದವು. 1879ರಲ್ಲಿ ಮ್ಯಾಕ್ಸ್‌ವೆಲ್ ತೀರಿಕೊಂಡ ಮೇಲೆ ಕೇಂಬ್ರಿಜ್‌ನ ಕ್ಯಾವೆಂಡಿಶ್ ಲ್ಯಾಬಿನ ಪ್ರೊಫೆಸರ್ ಹುದ್ದೆಗೆ ಇವರನ್ನು ಕರೆದರು. ಐದು ವರ್ಷ ಅಲ್ಲಿದ್ದು ಓಮ್, ಆಂಪಿಯರ್, ವೋಲ್ಟ್‌ಗಳ ಅಳತೆಯನ್ನು ನಿಖರ ಮಾಡಿದರು. ಈ ಕೆಲಸದಲ್ಲಿ ಜೊತೆಗಿದ್ದವರು ಹೆಂಡತಿಯ ಅಕ್ಕ ಎಲೀನರ್ ಸಿಜ್ವಿಕ್. 1882ರಲ್ಲಿ ಲ್ಯಾಬಿನ ತರಗತಿಗಳನ್ನು ಹೆಣ್ಣುಮಕ್ಕಳಿಗೂ ಗಂಡಸರಿಗೆ ಸಮನಾಗಿ ತೆರೆದದ್ದು ಇವರ ಕಾಲದಲ್ಲೇ. ಅದೇ ವರ್ಷ ಸದ್ದಿನ ಬಲ ಅಳೆಯುವ ಒಂದು ಉಪಕರಣವನ್ನೂ ವಿವರಿಸಿದರು. ದಾರಕ್ಕೆ ತೂಗುಬಿಟ್ಟ ಒಂದು ಹಗುರ ಬಿಲ್ಲೆ, ಸದ್ದು ಬಂದಾಗ ಎಷ್ಟು ತಿರುಗುತ್ತೆ ಅನ್ನೋದೇ ಅಳತೆ. ಡೆಸಿಬೆಲ್ ಮೀಟರ್ ಕೈಗೆ ಬರುವ ಮೊದಲೇ ಸದ್ದನ್ನು ಕಿವಿಯ ಅಂದಾಜಿನಿಂದ ಬಿಡಿಸಿ ಅಂಕಿಗೆ ತಂದ ಕೆಲಸ ಇದು.

1884ರಲ್ಲಿ ಹುದ್ದೆ ಬಿಟ್ಟು ಟರ್ಲಿಂಗ್‌ಗೆ ವಾಪಸಾದರು. ಗಾಳಿಯಿಂದ ತೆಗೆದ ಸಾರಜನಕ, ಅಮೋನಿಯಾದಿಂದ ತೆಗೆದ ಸಾರಜನಕಕ್ಕಿಂತ ಸುಮಾರು 200ರಲ್ಲಿ ಒಂದು ಪಾಲಿನಷ್ಟು ಹೆಚ್ಚು ತೂಗುತ್ತಿತ್ತು. ಅಷ್ಟು ಸಣ್ಣ ವ್ಯತ್ಯಾಸವನ್ನು ನಾವಾಗಿದ್ರೆ ರೆಕಾರ್ಡ್ ಬುಕ್ಕಿನಲ್ಲಿ ಅಡ್ಜಸ್ಟ್ ಮಾಡಿಬಿಡ್ತಿದ್ವಿ. ಅವರು ಅದನ್ನು ಪತ್ರಿಕೆಯಲ್ಲಿ ಪ್ರಕಟಿಸಿ, ಕಾರಣ ಗೊತ್ತಿದ್ದವರು ತಿಳಿಸಿ ಅಂತ ಕೇಳಿಕೊಂಡರು. ಆ ಜಾಡು ಹಿಡಿದು ವಿಲಿಯಂ ರಾಮ್ಸೇ ಅವರೊಂದಿಗೆ ಆರ್ಗಾನ್ ಕಂಡುಹಿಡಿದರು. 1904ರ ನೊಬೆಲ್ ಬಂತು. ಆ ಹಣವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು.

ಸೈರನ್ ಜೊತೆ ಇವರ ನೇರ ನಂಟು ಶುರುವಾಗೋದು 1896ರಲ್ಲಿ. ಆಗ ಸೈರನ್ ಅಂದರೆ ಆಂಬ್ಯುಲೆನ್ಸ್ ಅಲ್ಲ, ಸಮುದ್ರ. ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ 1819ರಲ್ಲಿ, ತೂತುಗಳಿರುವ ತಿರುಗುವ ಬಿಲ್ಲೆಯ ಮೂಲಕ ಗಾಳಿ ಹಾಯಿಸಿ ಸದ್ದು ಹೊರಡಿಸುವ ಯಂತ್ರಕ್ಕೆ ಆ ಹೆಸರಿಟ್ಟಿದ್ದ. ಅದರ ದೊಡ್ಡ ರೂಪಗಳನ್ನು ತೀರದ ದೀಪಸ್ತಂಭಗಳಲ್ಲಿ ಇಟ್ಟಿದ್ದರು. ಮಂಜು ಕವಿದಾಗ ದೀಪ ಕಾಣಲ್ಲ, ಹಡಗು ಬಂಡೆಗೆ ಬಡಿದರೆ ಎಲ್ಲರೂ ನೀರುಪಾಲು. ಉಳಿಯೋ ದಾರಿ ಸದ್ದೊಂದೇ. ಇಂಗ್ಲೆಂಡಿನ ದೀಪಸ್ತಂಭಗಳನ್ನು ನೋಡಿಕೊಳ್ಳುವ ಟ್ರಿನಿಟಿ ಹೌಸ್ ಸಂಸ್ಥೆಗೆ ರೇಲಿ ವೈಜ್ಞಾನಿಕ ಸಲಹೆಗಾರರಾದರು. ಹಿಂದೆ ಅದೇ ಜಾಗದಲ್ಲಿದ್ದ ಜಾನ್ ಟಿಂಡಲ್ 1873ರಿಂದಲೇ ಡೋವರ್ ಹತ್ತಿರ ಇಂಥ ಪ್ರಯೋಗ ನಡೆಸಿದ್ದರು. ಇನ್ನೂ ಜೋರಾದ ಯಂತ್ರ ಇಟ್ಟರೆ ಸಾಕಲ್ವಾ ಅಂತ ಯಾರಿಗಾದರೂ ಅನಿಸುತ್ತೆ. ರೇಲಿ ಕೇಳಿಕೊಂಡಿದ್ದು ಬೇರೆ: ಇಷ್ಟೊಂದು ಸದ್ದು ಹೋಗುತ್ತಿರೋದು ಎಲ್ಲಿಗೆ?

ದುಂಡು ಬಾಯಿಯ ದೊಡ್ಡ ಕಹಳೆ ಸದ್ದನ್ನು ಮುಂದಕ್ಕೆ ಒಂದು ಕಟ್ಟಾಗಿ ಕಳಿಸುತ್ತೆ. ಪಕ್ಕದಿಂದ ಬರುವ ಹಡಗಿಗೆ ಪಾಲು ಕಮ್ಮಿ. ಬಾಯಿ ತೀರಾ ಚಿಕ್ಕದಾದರೆ ಸದ್ದು ಎಲ್ಲ ಕಡೆ ಹರಡಿ, ಒಂದು ದೊಡ್ಡ ಭಾಗ ಆಕಾಶಕ್ಕೆ ದಂಡ. ಆಕಾಶದಲ್ಲಿ ಹಡಗಿಲ್ಲ. ರೇಲಿ ಸೂಚಿಸಿದ್ದು ಎತ್ತರ ಜಾಸ್ತಿ, ಅಗಲ ಕಮ್ಮಿ ಇರುವ ಬಾಯಿ. ಮೊದಲ ಸಲ ಓದಿದಾಗ ನಮಗೆ ಇದು ಉಲ್ಟಾ ಅನಿಸಿತು. ಸದ್ದು ಅಡ್ಡಕ್ಕೆ ಹರಡಬೇಕಾದರೆ ಬಾಯಿ ಅಡ್ಡಕ್ಕೆ ಅಗಲ ಇರಬೇಕಲ್ವಾ? ಅಲ್ಲ. ತೆರಪು ತರಂಗದೂರಕ್ಕಿಂತ ದೊಡ್ಡದಿದ್ದ ದಿಕ್ಕಿನಲ್ಲಿ ಅಲೆ ಕಟ್ಟಾಗಿ ಹೋಗುತ್ತೆ, ಚಿಕ್ಕದಿದ್ದ ದಿಕ್ಕಿನಲ್ಲಿ ಹರಡುತ್ತೆ. ಅಗಲವನ್ನು ಅರ್ಧ ತರಂಗದೂರದೊಳಗೆ ಇಟ್ಟರೆ ಸದ್ದು ಸಮುದ್ರದ ಮೇಲೆ ಬೀಸಣಿಗೆಯಂತೆ ಹರಡುತ್ತೆ. ಎತ್ತರ ಹೆಚ್ಚಿಸಿದರೆ ಮೇಲಕ್ಕೂ ಕೆಳಕ್ಕೂ ಪೋಲಾಗೋದು ನಿಲ್ಲುತ್ತೆ. ನಮ್ಮ ಸೆಮಿನಾರ್ ಹಾಲಿನ ಗೋಡೆಯಲ್ಲಿ ನಿಲ್ಲಿಸಿರುವ ಉದ್ದುದ್ದ ಕಾಲಂ ಸ್ಪೀಕರ್ ನೋಡಿ, ಅದರ ಹಿಂದಿರೋದೂ ಇದೇ ಲೆಕ್ಕ. 1901ರಲ್ಲಿ ವೈಟ್ ದ್ವೀಪದ ಸೇಂಟ್ ಕ್ಯಾಥರೀನ್ ದೀಪಸ್ತಂಭದಲ್ಲಿ ಬಗೆಬಗೆಯ ಸೈರನ್, ಕಹಳೆಗಳನ್ನು ಊದಿ ಪರೀಕ್ಷೆ ನಡೆಸಿದಾಗ ರೇಲಿ ಕಹಳೆಯೂ ಅವುಗಳಲ್ಲಿತ್ತು.

ಇನ್ನು ಬದಿಗಿಟ್ಟಿದ್ದ ಆ ಒಗಟು. ಮೂವತ್ತು ವರ್ಷ ಕಳೆದಿತ್ತು. ರೇಲಿ ಅರವತ್ತು ದಾಟಿದ್ದರು, ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. ಸ್ವಲ್ಪವೇ ಶ್ರುತಿ ವ್ಯತ್ಯಾಸವಿರುವ ಎರಡು ಫೋರ್ಕ್ ತೆಗೆದುಕೊಂಡು, ಒಂದರ ಸದ್ದನ್ನು ಒಂದು ಕಿವಿಗೆ, ಇನ್ನೊಂದರದ್ದನ್ನು ಇನ್ನೊಂದು ಕಿವಿಗೆ ಬೇರೆ ಬೇರೆಯಾಗಿ ಮುಟ್ಟಿಸಿದರು. ಎರಡೂ ಕಿವಿಗೆ ಬಲ ಒಂದೇ. ಆದ್ರೆ ಒಮ್ಮೆ ಇದರ ಅಲೆ ಮುಂದು, ಒಮ್ಮೆ ಅದರ ಅಲೆ ಮುಂದು. ಸದ್ದು ಬಲಕ್ಕೂ ಎಡಕ್ಕೂ ತೂಗುಯ್ಯಾಲೆಯಂತೆ ಓಡಾಡಿತು. ಮಂದ್ರದ ಸದ್ದಿನ ದಿಕ್ಕನ್ನು ಕಿವಿ ಹಿಡಿಯೋದು ಬಲದಿಂದಲ್ಲ, ಅಲೆ ಯಾವ ಕಿವಿಗೆ ಮೊದಲು ಬಂತು ಅನ್ನೋದರಿಂದ. ಅತಿ ಹೆಚ್ಚೆಂದರೆ ಒಂದು ಮಿಲಿಸೆಕೆಂಡಿಗಿಂತ ಕಮ್ಮಿ ಇರುವ ಅಂತರ ಅದು! 1907ರಲ್ಲಿ ಇದನ್ನು ಪ್ರಕಟಿಸಿದರು. ಮಂದ್ರಕ್ಕೆ ಸಮಯದ ಸುಳಿವು, ತಾರಕಕ್ಕೆ ನೆರಳಿನ ಸುಳಿವು. ಎರಡರ ನಡುವೆ, ಸುಮಾರು 1500ರಿಂದ 3000 ಹರ್ಟ್ಸ್‌ನಲ್ಲಿ, ಎರಡೂ ಸುಳಿವು ಸಡಿಲ. ಸೈರನ್ನಿನ ಏರುದನಿ ಕಾಲಿಡೋದು ಅಲ್ಲಿಗೇ.

1908ರಲ್ಲಿ ರೇಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಚಾನ್ಸೆಲರ್ ಆದರು. 1919ರ ಜೂನ್ 30ರಂದು ಟರ್ಲಿಂಗ್ ಮನೆಯಲ್ಲೇ ತೀರಿಕೊಂಡರು. ಟ್ರಿನಿಟಿ ಹೌಸ್ ಸಲಹೆಗಾರಿಕೆ ಆ ವರ್ಷದವರೆಗೂ ನಡೆದಿತ್ತು. ಅವರ ಕೆಲಸ ಮುಂದುವರಿದ ಜಾಗಗಳಲ್ಲಿ ನಮ್ಮ ಸೀಮೆಯೂ ಇದೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟದಲ್ಲಿ ಪಿಸುಮಾತು ಗೋಡೆಗುಂಟ ತೆವಳಿಕೊಂಡು ಹೋಗುತ್ತೆ ಅಂತ ರೇಲಿ ವಿವರಿಸಿದ್ದರು. 1920ರ ದಶಕದ ಆರಂಭದಲ್ಲಿ ಅದೇ ವಿಷಯವನ್ನು ಮತ್ತೆ ಕೈಗೆತ್ತಿಕೊಂಡವರು ಸಿ.ವಿ. ರಾಮನ್. ಸಮುದ್ರದ ನೀಲಿ ಬರೀ ಆಕಾಶದ ಪ್ರತಿಬಿಂಬ ಅಂದಿದ್ದ ರೇಲಿ ಅವರ ಮಾತನ್ನು ಒಪ್ಪದೆ ಪ್ರಯೋಗಕ್ಕಿಳಿದವರೂ ಅವರೇ. ಮುಂದೆ ಅವರು ಬೆಂಗಳೂರಿಗೆ ಬಂದು ನೆಲೆಸಿದ್ದು ನಮಗೆಲ್ಲ ಗೊತ್ತು. ವಿಜಯಪುರದ ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಫ್ರೆಂಡ್ ಹೆಸರು ಕೂಗಿ ಬಂದವರು ಮುಂದಿನ ಸಲ ರೇಲಿ ಅವರನ್ನೂ ನೆನೆಸಿಕೊಳ್ಳಿ.

ಹಾಗಾದ್ರೆ ನಮ್ಮ ಪ್ರಾಜೆಕ್ಟ್ ಏನಾಯ್ತು? ವಾಲ್ಯೂಮ್ ತಿರುಪು ಹಿಂದಕ್ಕೆ ತಿರುಗಿಸುವ ಯೋಚನೆ ಬಿಟ್ವಿ. ಆಂಬ್ಯುಲೆನ್ಸ್ ಚಾವಣಿಯ ಮೇಲೆ ಅಡ್ಡಡ್ಡ 1.4 ಮೀಟರ್ ಉದ್ದಕ್ಕೆ ಸಣ್ಣ ಸ್ಪೀಕರ್‌ಗಳ ಸಾಲು ಇಟ್ಟರೆ, 1000 ಹರ್ಟ್ಸ್ ಸದ್ದಿನ ತರಂಗದೂರ 34 ಸೆಂಟಿಮೀಟರ್ ಆದ್ದರಿಂದ, ಮುಖ್ಯ ಕಟ್ಟು ನಡುಗೆರೆಯಿಂದ ಎರಡೂ ಕಡೆ ಸುಮಾರು 14 ಡಿಗ್ರಿಯೊಳಗೆ ನಿಲ್ಲಬೇಕು. ಮುಂದಿನ ಗಾಡಿಗೆ ಪೂರ್ತಿ ಸದ್ದು. ಪಕ್ಕದ ಮನೆಯ ಮಗುವಿಗೆ, ಫುಟ್‌ಪಾತ್ ಅಂಗಡಿಯವರಿಗೆ ಕಮ್ಮಿ. ಲೆಕ್ಕ ಬಂದ ದಿನ ಕುಣಿದಾಡಿದ್ವಿ. ಮೇಡಂ ಒಂದೇ ಪ್ರಶ್ನೆಗೆ ಕೂರಿಸಿದರು: ಚೌಕದಲ್ಲಿ ಅಡ್ಡರಸ್ತೆಯಿಂದ ಬರುವ ಬೈಕಿನವನಿಗೆ ಇದು ಕೇಳುತ್ತಾ? ಕೇಳಲ್ಲ. ಅವನಿಗೆ ಕೇಳದಿದ್ದರೆ ನಾವು ಗದ್ದಲ ಕಮ್ಮಿ ಮಾಡಿದ್ದಲ್ಲ, ಅಪಘಾತಕ್ಕೆ ದಾರಿ ಮಾಡಿದ್ದು. ಪಕ್ಕದಿಂದ ಬರುವ ಹಡಗನ್ನು ರೇಲಿ ಮರೆಯಲಿಲ್ಲ. ನಾವು ಮರೆತಿದ್ವಿ.

ಈಗಿನ ಪ್ಲಾನ್ ಹೀಗಿದೆ. ನೇರ ರಸ್ತೆಯಲ್ಲಿ ಕಟ್ಟು ಸದ್ದು. ಚೌಕ ಹತ್ತಿರ ಬಂದಾಗ ನಡುವಿನ ಒಂದೇ ಸ್ಪೀಕರ್ ಓಡಿಸಿ ಸದ್ದನ್ನು ಹರಡೋದು. ಜೊತೆಗೆ ಸೈರನ್ ಎಳೆಯ ನಡುನಡುವೆ ಕುಕ್ಕರ್ ಉಗಿಯಂಥ, ಎಲ್ಲ ಶ್ರುತಿಗಳೂ ಬೆರೆತ ಸುಸ್ಸ್ ಸದ್ದಿನ ತುಣುಕು ಸೇರಿಸೋದು. ಹುಲ್ಲುಹಾಸಿನಲ್ಲಿ ಮನುಷ್ಯರ ಮಾತು ಮಾಡಿದ ಕೆಲಸವನ್ನು ಅದು ಮಾಡಬೇಕು. ಇದು ನಮ್ಮ ಹೊಸ ಶೋಧವೇನಲ್ಲ, ಇಂಥ ಸೈರನ್‌ಗಳನ್ನು ಬ್ರಿಟನ್ನಿನಲ್ಲಿ ಮೊದಲೇ ಮಾಡಿದ್ದಾರೆ. ಗಾಡಿಯೊಳಗಿನ ರೋಗಿಗೂ ಸಿಬ್ಬಂದಿಗೂ ತಟ್ಟುವ ಸದ್ದಿಗೆ ಉಲ್ಟಾ ಅಲೆ ಬಿಟ್ಟು ಅಳಿಸುವ ಉಪಾಯವೂ ಇದೆ. ಅದನ್ನು ಮುಂದಿನ ಬ್ಯಾಚಿಗೆ ಬಿಟ್ಟಿದ್ದೀವಿ.

ಹೋದ ವಾರ ಕಾಲೇಜ್ ಗ್ರೌಂಡಿನಲ್ಲಿ ನಮ್ಮದೇ ಪರೀಕ್ಷೆ ಮಾಡಿದ್ವಿ. ಒಬ್ಬರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡುವೆ ನಿಂತರು, ಉಳಿದವರು ಸ್ಪೀಕರ್ ಹಿಡಿದು ಸುತ್ತ ನಿಂತರು. ನೋಡಿದವರು ನಕ್ಕರು. ಬರೀ ಸೈರನ್ ಹಾಕಿದಾಗ ನಡುವೆ ನಿಂತವರು ಹಿಂದಿನ ಸದ್ದಿಗೆ ಮುಂದಕ್ಕೆ ಕೈ ತೋರಿಸಿದ್ರು. ಸುಸ್ಸ್ ಸೇರಿಸಿ ಹಾಕಿದಾಗ ತಡವರಿಸದೆ ಹಿಂದಕ್ಕೆ ತಿರುಗಿದರು. ನಾಲ್ಕು ಜನರ ಪರೀಕ್ಷೆಯಿಂದ ಏನೂ ಸಾಬೀತಾಗಲ್ಲ ಅಂತ ಗೊತ್ತು, ಇನ್ನೂ ತುಂಬಾ ಜನರ ಕಿವಿ ಬೇಕು. ಬರುವ ಶನಿವಾರ ಸಂಜೆ ಗ್ರೌಂಡಿಗೆ ಬನ್ನಿ. ಬಟ್ಟೆ ನಾವೇ ತರ್ತೀವಿ.